ಒಣಹಣ್ಣಿನ ಸಿಹಿ ಬ್ರೆಡ್ ಕೊನೆಗೂ ಉಬ್ಬಿತು

ಮೂರು ಸಲ ಮಾಡಿದರೂ ಬ್ರೆಡ್ ಒತ್ತೊತ್ತಾಗಿ, ಭಾರವಾಗಿ ಬಂತು. ಯೀಸ್ಟ್ ಹಳೆಯದಿರಬೇಕು ಅಂತ ಹೊಸ ಪ್ಯಾಕೆಟ್ ಒಡೆದೆ, ಆಗಲೂ ಅದೇ ಕಥೆ.

ತಪ್ಪು ಯೀಸ್ಟಿನದ್ದಲ್ಲ, ನಾನು ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸುತ್ತಿದ್ದದ್ದು. 500 ಗ್ರಾಂ ಮೈದಾಕ್ಕೆ 100 ಗ್ರಾಂ ಸಕ್ಕರೆ ಬಿದ್ದರೆ ಅದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಯೀಸ್ಟ್ ಸೊರಗುತ್ತದೆ. ಬೆಣ್ಣೆ ಮೊದಲೇ ಸೇರಿದರೆ ಹಿಟ್ಟಿನಲ್ಲಿ ಗುಳ್ಳೆ ಹಿಡಿದಿಡುವ ಜಿಗುಟು (ಗ್ಲುಟೆನ್) ಕಟ್ಟುವುದೂ ನಿಧಾನ.

ಈ ಸಲ ಹಳೆಯ ಕ್ರಮ ಹಿಡಿದೆ. 250 ಮಿ.ಲೀ. ಹಾಲು ಕಾಯಿಸಿ, ಬೆರಳಿಗೆ ಹಿತವಾಗುವಷ್ಟು ಆರಿಸಿ, 7 ಗ್ರಾಂ ಒಣ ಯೀಸ್ಟ್, ಒಂದು ಚಮಚ ಸಕ್ಕರೆ, ಅರ್ಧದಷ್ಟು ಮೈದಾ ಬೆರೆಸಿ ಮುಚ್ಚಿಟ್ಟೆ. ಮುಕ್ಕಾಲು ಗಂಟೆಯಲ್ಲಿ ಮೇಲೆಲ್ಲ ಗುಳ್ಳೆ! ಆ ನೊರೆ ನೋಡಿದಾಗಿನ ಖುಷಿ ಹೇಳತೀರದು. ಆಮೇಲೆ ಉಳಿದ ಮೈದಾ, ಸಕ್ಕರೆ, ಉಪ್ಪು ಹಾಕಿ ನಾದಿ, ಕೊನೆಗೆ 80 ಗ್ರಾಂ ಮೆತ್ತನೆ ಬೆಣ್ಣೆ.

ಹಿಂದೆ ಬ್ರೆಡ್ ಕೆಟ್ಟಿದ್ದರಲ್ಲಿ ಒಣದ್ರಾಕ್ಷಿಯದ್ದೂ ಪಾಲಿತ್ತು. ಹಾಗೇ ಹಾಕಿದರೆ ಹಿಟ್ಟಿನ ತೇವ ಹೀರುತ್ತದೆ. ಬಿಸಿನೀರಲ್ಲಿ 20 ನಿಮಿಷ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಹಿಟ್ಟು ಒಮ್ಮೆ ಉಬ್ಬಿದ ಮೇಲಷ್ಟೇ ಮಡಿಚಿ ಸೇರಿಸಿದೆ. ಮೇಲೆ ಇಣುಕಿದ ಹಣ್ಣನ್ನು ಒಳಗೆ ತಳ್ಳಿ, ಇಲ್ಲದಿದ್ದರೆ ಸುಟ್ಟು ಕಹಿಯಾಗುತ್ತದೆ.

ಅಚ್ಚಿನಲ್ಲಿ ಎರಡನೇ ಸಲ ಉಬ್ಬಲು ಗಡಿಯಾರ ನೋಡಲಿಲ್ಲ. ಬೆರಳೊತ್ತಿದ ಗುಳಿ ನಿಧಾನವಾಗಿ ತುಂಬಿಕೊಂಡಾಗ ಓವನ್ನಿಗಿಟ್ಟೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷ. ಸಕ್ಕರೆಯಿಂದ ಬೇಗ ಕೆಂಪಾಗುವುದರಿಂದ ಅರ್ಧದಲ್ಲೇ ಫಾಯಿಲ್ ಮುಚ್ಚಿದೆ. ಆರಿದ ಮೇಲೆ ಕೊಯ್ದರೆ ಒಳಗೆಲ್ಲ ಮೆತ್ತಗೆ, ಎಳೆಎಳೆ.