ಹಳೆಯ ಮಹೀಂದ್ರಾ ಎಂಎಂ 540 ಜೀಪಿಗೆ ಎತ್ತರದ ಬ್ಲೇಡ್ ಸೆಟ್: ತೆಳು ಬ್ಲೇಡಿನ ನನ್ನ ಅನುಭವ

ಮೂಡಿಗೆರೆ, ಸಕಲೇಶಪುರದ ಕಡೆಯ ಗ್ಯಾರೇಜುಗಳಲ್ಲಿ ಜೀಪನ್ನು ಎತ್ತರಿಸುವ ಮಾತು ಬಂದರೆ ಸಿಗುವ ಉತ್ತರಗಳು ಎರಡೇ. ಒಂದೋ ಬ್ಲೇಡ್ ಸೆಟ್ಟಿಗೆ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ, ದಪ್ಪ ಬ್ಲೇಡು ಸೇರಿಸಬೇಕು, ಇಲ್ಲವೇ ಆಕ್ಸಲಿನ ಕೆಳಗಿರುವ ಬ್ಲೇಡ್ ಸೆಟ್ಟನ್ನು ಬಿಚ್ಚಿ ಆಕ್ಸಲಿನ ಮೇಲೆ ಕೂರಿಸಬೇಕು. ತೆಳು ಬ್ಲೇಡುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿ, ಅವುಗಳ ಬಾಗನ್ನು, ಅಂದರೆ ಕಮಾನನ್ನು, ಹೆಚ್ಚಿಸಿ, ಲೋಡಿಗೂ ತಡೆಯುವಂತೆ ಗಾಡಿಯನ್ನು ಎತ್ತರಿಸುತ್ತೇನೆಂದು ನಾನು ಹೇಳಿದಾಗ ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ಕೊಬ್ಬರು, "ಗೌಡ್ರೆ, ತೆಳು ಬ್ಲೇಡು ಮೊದಲ ಮಳೆಗೇ ಕೂತುಬಿಡುತ್ತೆ, ದುಡ್ಡು ದಂಡ" ಎಂದು ಖಂಡಿತವಾಗಿ ನುಡಿದಿದ್ದರು. ಆ ಸೆಟ್ಟು ಈಗ ಹಲವು ಮಳೆಗಾಲ ಕಂಡಿದೆ; ಹಾಕಿದ ವಾರ ಅಳೆದ ಎತ್ತರಕ್ಕೂ ಈಗಿನ ಎತ್ತರಕ್ಕೂ ಕಾಲು ಇಂಚಿನ ಅಂತರವೂ ಇಲ್ಲ. ಅದೇ ಮೆಕ್ಯಾನಿಕ್ ಈಚೆಗೆ ತಮ್ಮ ಗಿರಾಕಿಯೊಬ್ಬರನ್ನು ನನ್ನ ಬಳಿಗೇ ಕಳುಹಿಸಿದ್ದರಿಂದ ಇದನ್ನು ಬರೆದಿಡುವುದು ಸರಿಯೆನಿಸಿತು.

ನನ್ನ ಗಾಡಿ ತೊಂಬತ್ತರ ದಶಕದ ಎಂಎಂ 540. ಪ್ಯೂಜೋ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನ್ನು, 91 ಇಂಚಿನ ವೀಲ್‌ಬೇಸು, ಮೇಲೆ ಹಾರ್ಡ್‌ಟಾಪು, ಮುಂದೆ ನಾನೇ ಬೆಸೆದ ಭಾರದ ಬಂಪರು. ಕೆಲಸವೆಲ್ಲ ತೋಟದ್ದು: ಸುಗ್ಗಿಯಲ್ಲಿ ಕಾಫಿ ಮೂಟೆ, ಮಳೆಗಾಲದಲ್ಲಿ ಗೊಬ್ಬರ ಮತ್ತು ಆಳುಗಳು. ಸಂಸೆಯ ಕಡೆಯಿಂದ ಮುಳ್ಳೋಡಿಗೆ ಕುದುರೆಮುಖದ ಚಾರಣಿಗರನ್ನು ಹೊತ್ತು ಹತ್ತುವ ಜೀಪುಗಳ ದಾರಿಯನ್ನು ನೋಡಿದವರಿಗೆ ನಮ್ಮ ತೋಟದ ದಾರಿಯನ್ನು ವಿವರಿಸಬೇಕಾಗಿಲ್ಲ. ಎರಡು ಕೊರಕಲುಗಳ ನಡುವೆ ಉಳಿದ ದಿಬ್ಬ ಹೊಟ್ಟೆಗೆ ತಾಗುತ್ತಿತ್ತು, 7.00-16ರ ಟೈರು ಹಾಕಿದ ಮೇಲೆ ಚಕ್ರ ಏರಿದಾಗಲೆಲ್ಲ ಮಡ್‌ಗಾರ್ಡಿನ ಅಂಚು ಟೈರನ್ನು ಕೆರೆಯತೊಡಗಿತು. ಬ್ಲೇಡಿನಿಂದ ಡಿಫರೆನ್ಷಿಯಲ್, ಅಂದರೆ ಆಕ್ಸಲಿನಲ್ಲಿರುವ ಗೇರುಗಳ ಗುಂಡು, ಒಂದು ನೂಲಿನಷ್ಟೂ ಮೇಲೇಳುವುದಿಲ್ಲ, ಅದಕ್ಕೆ ದೊಡ್ಡ ಟೈರೇ ಬೇಕೆಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ; ನನಗೆ ಬೇಕಾಗಿದ್ದು ಆ ಟೈರಿಗೆ ಜಾಗ ಮತ್ತು ಹೊಟ್ಟೆಯ ಕೆಳಗೆ ಎರಡಿಂಚು.

ಸರಿಯಾದ ಸೆಟ್ಟಿಗೆ ತಲುಪುವ ಮೊದಲು ಹೋದ ಹಣದ ಲೆಕ್ಕವನ್ನು ಹೇಳಲೇಬೇಕು. ಹಳೆಯ ಸೆಟ್ಟಿಗೆ ಎರಡೆರಡು 8 ಮಿ.ಮೀ. ಬ್ಲೇಡು ಸೇರಿಸಿದ್ದಕ್ಕೆ ನಾಲ್ಕು ಸಾವಿರದಷ್ಟು ತಗುಲಿತು. ಎತ್ತರ ಬಂದದ್ದು ಒಂದಿಂಚು, ಅದಕ್ಕೆ ತೆತ್ತದ್ದು ಬಹಳ. ಖಾಲಿ ಗಾಡಿ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿತ್ತು, ಅಡ್ಡ ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತ ನಿಲ್ಲುತ್ತಿತ್ತು. ಬ್ಲೇಡು ಬಾಗದಿದ್ದರೆ ಹೊಡೆತ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಬ್ಲೇಡು ಚಾಸಿಸ್‌ಗೆ ಕೂಡುವ ಮುಂದಿನ ಹ್ಯಾಂಗರಿನ ಬುಡದಲ್ಲಿ ಚಾಸಿಸ್ ಕೂದಲೆಳೆಯಷ್ಟು ಸೀಳಿತು. ಅದಕ್ಕೆ ಪಟ್ಟಿ ಕೊಟ್ಟು ಬೆಸೆಸಲು ಮತ್ತೆ ಮೂರು ಸಾವಿರ ಹೋಯಿತು.

ಬ್ಲೇಡಿನ ತುದಿಯನ್ನು ಚಾಸಿಸ್‌ಗೆ ತೂಗುಹಾಕುವ ಶ್ಯಾಕಲ್ಲನ್ನು ಉದ್ದ ಮಾಡಿದ್ದು ಇನ್ನೊಂದು ಕಥೆ. ಎರಡಿಂಚು ಉದ್ದ ಹೆಚ್ಚಿಸಿದರೆ ಆಕ್ಸಲಿನ ಮೇಲೆ ಬರುವುದು ಅದರ ಅರ್ಧ, ಅಂದರೆ ಒಂದೇ ಇಂಚು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಈ ಗಾಡಿಗಳಲ್ಲಿ ಮುಂದಿನ ಶ್ಯಾಕಲ್ ಬಂಪರಿನ ಕಡೆಗಿರುವುದರಿಂದ ಅದನ್ನು ಉದ್ದ ಮಾಡಿದಷ್ಟೂ ಆಕ್ಸಲಿನ ಮೂತಿ ಕೆಳಗೆ ವಾಲಿ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಚ್ಚಿನ ಹಿಂದೊರಗು, ಕಡಿಮೆಯಾಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಸ್ಟೀರಿಂಗ್ ತಿರುವಿನಿಂದ ತಾನಾಗಿ ವಾಪಸು ಬರುವುದೇ ನಿಂತುಹೋಗಿತ್ತು. ಬ್ಲೇಡಿಗೂ ಆಕ್ಸಲಿಗೂ ನಡುವೆ, ದಪ್ಪ ತುದಿ ಮುಂದೆ ಬರುವಂತೆ ಬೆಣೆ ಇಟ್ಟರೆ ಕ್ಯಾಸ್ಟರ್ ಸರಿಹೋಗುತ್ತದೆ, ಆದರೆ ಅಷ್ಟೇ ಡಿಗ್ರಿ ಪಿನಿಯನ್ನು (ಆಕ್ಸಲಿಗೆ ಜಾಯಿಂಟ್ ಶಾಫ್ಟು ಕೂಡುವ ಗೇರು) ಕೆಳಮುಖವಾಗಿ, ಎಂಜಿನ್ನಿನ ಬಲವನ್ನು ಆಕ್ಸಲಿಗೆ ಒಯ್ಯುವ ಮುಂದಿನ ಜಾಯಿಂಟ್ ಶಾಫ್ಟಿನ ಕ್ರಾಸು, ಅಂದರೆ ಅದರ ಕೀಲು, ನರಳುತ್ತದೆ. ಆ ಶ್ಯಾಕಲ್‌ಗಳು ಈಗ ನಮ್ಮ ಗೇಟಿನ ಅಗುಳಿಗೆ ಆಸರೆಯಾಗಿವೆ.

ಕುಲುಮೆಯಲ್ಲಿ ಕಾಯಿಸಿ ಕಮಾನು ಏರಿಸುವುದು ಅಗ್ಗ, ನೋಡಲೂ ಚೆನ್ನ. ಎರಡೂವರೆ ಸಾವಿರಕ್ಕೆ ಗಾಡಿ ಎರಡಿಂಚು ಎದ್ದು ನಿಂತಿತು. ಆಷಾಢ ಮುಗಿಯುವಷ್ಟರಲ್ಲಿ ಮತ್ತೆ ಕೂತಿತು, ಹಿಂದಿನ ಮೈನ್ ಬ್ಲೇಡೊಂದು (ಸೆಟ್ಟಿನ ಎಲ್ಲಕ್ಕಿಂತ ಮೇಲಿನ ಉದ್ದದ ಬ್ಲೇಡು), ಎಲ್ಲ ಬ್ಲೇಡುಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟಿನ ತೂತಿನ ಬಳಿ ತುಂಡಾಯಿತು. ಸ್ಪ್ರಿಂಗ್ ಉಕ್ಕನ್ನು 850ರಿಂದ 900 ಡಿಗ್ರಿಗೆ ಸಮನಾಗಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ 450ರಿಂದ 500 ಡಿಗ್ರಿಯಲ್ಲಿ ಕಾಯಿಸಿ ಪೆಡಸು ತಗ್ಗಿಸದೆ, ಅಂದರೆ ಟೆಂಪರ್ ಮಾಡದೆ, ಕಣ್ಣಳತೆಯ ಕೆಂಪಿನಲ್ಲಿ ಬಾಗಿಸಿದರೆ ಅದು ಒಂದೋ ಕೂರುತ್ತದೆ, ಇಲ್ಲವೇ ಮುರಿಯುತ್ತದೆ. ನನ್ನ ಗಾಡಿಯಲ್ಲಿ ಎರಡೂ ಆಯಿತು.

ಆಕ್ಸಲಿನ ಮೇಲೆ ಬ್ಲೇಡು ಕೂರಿಸುವ ದಾರಿಯನ್ನು ನಾನು ಹಿಡಿಯಲಿಲ್ಲ. ಐದಿಂಚಿನ ಎತ್ತರ ತೋಟಕ್ಕೆ ಬೇಡ. ಮೂಟೆ ಹೇರಿದ ಗಾಡಿ ಪಕ್ಕದ ಇಳಿಜಾರಿನಲ್ಲಿ ವಾಲುವುದನ್ನು ನೋಡಿದವರಿಗೆ ಆ ಆಸೆ ಹುಟ್ಟುವುದೇ ಇಲ್ಲ. ಜೊತೆಗೆ ಏರಿನಲ್ಲಿ ಕ್ಲಚ್ಚು ಬಿಟ್ಟಾಗ ಬ್ಲೇಡು ಎಸ್ ಆಕಾರಕ್ಕೆ ತಿರುಚಿ ಪಿನಿಯನ್ನು ಮೇಲೇಳುವ ರೋಗವೂ ಅದರ ಬೆನ್ನಿಗೇ ಬರುತ್ತದೆ. ಆರ್.ಸಿ.ಯ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ತಡೆ ಇರುವುದರಿಂದಲೂ ಅಳತೆಯನ್ನು ಹಿಡಿತದಲ್ಲಿಡುವುದು ಮೇಲು.

ಇಷ್ಟೆಲ್ಲ ಆದ ಮೇಲೆ ನಾನು ಮೊದಲು ಮಾಡಿದ ಕೆಲಸ ಗಾಡಿಯನ್ನು ಲಾರಿ ತೂಗುವ ವೇ ಬ್ರಿಜ್ಜಿಗೆ ಒಯ್ದದ್ದು. ಅಂಗಡಿಯವರು ಯಾರೂ ಗಾಡಿಯ ತೂಕ ಕೇಳುವುದಿಲ್ಲ. ಎಷ್ಟು ಇಂಚು ಬೇಕೆಂದಷ್ಟೇ ಕೇಳುತ್ತಾರೆ. ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಮ್ಮೆ, ಇಡೀ ಗಾಡಿಯನ್ನು ಒಮ್ಮೆ, ಆಮೇಲೆ ಬಲ ಬದಿಯ ಎರಡು ಚಕ್ರಗಳನ್ನು ಮಾತ್ರ ಒಮ್ಮೆ ತೂಗಿಸಿದೆ. ಐದು, ಹತ್ತು ಕಿಲೋ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ನನ್ನ ಗಾಡಿಯ ಮುಂಭಾಗ ಸುಮಾರು 750 ಕಿಲೋ ಬಂತು. ಅದರಲ್ಲಿ ಆಕ್ಸಲ್, ಚಕ್ರ, ಬ್ರೇಕಿನ ಡ್ರಮ್ಮು ಎಲ್ಲ ಸೇರಿ 150 ಕಿಲೋದಷ್ಟು ಭಾರ ಬ್ಲೇಡಿನ ಮೇಲೆ ಕೂರುವುದೇ ಇಲ್ಲ. ಅದನ್ನು ಕಳೆದರೆ ಒಂದೊಂದು ಸೆಟ್ಟು ಹೊರುವುದು 300 ಕಿಲೋ.

ಮುಂದಿನದು ಗಡಸಿನ ಲೆಕ್ಕ, ಅಂದರೆ ಸೆಟ್ಟು ಒಂದಿಂಚು ಇಳಿಯಲು ಎಷ್ಟು ಭಾರ ಬೇಕೆಂಬುದು. ಹಳೆಯ ಸೆಟ್ಟಿನ ಗಡಸನ್ನು ತಿಳಿಯಲು 50 ಕಿಲೋದ ಗೊಬ್ಬರದ ಚೀಲಗಳೇ ಸಾಕಾದವು: ಒಂದೊಂದಾಗಿ ಹೇರುತ್ತ, ಪ್ರತಿ ಸಲವೂ ಗಾಡಿಯನ್ನು ಕುಲುಕಿ ಬಿಟ್ಟು, ಚಾಸಿಸ್‌ನಿಂದ ಆಕ್ಸಲಿಗೆ ಇರುವ ಅಂತರವನ್ನು ಅಳೆಯುತ್ತ ಹೋದೆ. ಮುಂದಿನ ಸೆಟ್ಟು ಇಂಚಿಗೆ 110 ಕಿಲೋದ ಆಸುಪಾಸಿನಲ್ಲಿತ್ತು. ಆ ಗಡಸು ನನಗೆ ಹಿತವಾಗಿಯೇ ಇದ್ದುದರಿಂದ ಹೊಸದರಲ್ಲೂ ಅದನ್ನೇ ಉಳಿಸಿಕೊಂಡೆ. 300 ಕಿಲೋಗೆ ಹೊಸ ಸೆಟ್ಟು ಎರಡೂ ಮುಕ್ಕಾಲು ಇಂಚು ಇಳಿಯುತ್ತದೆ. ಇಳಿದ ಮೇಲೆ ಎರಡೂವರೆ ಇಂಚು ಕಮಾನು ಉಳಿಯಬೇಕು. ಹಾಗಾದರೆ ನೆಲದ ಮೇಲಿಟ್ಟಾಗ ಕಮಾನು ಐದೂ ಕಾಲು ಇಂಚು ಇರಬೇಕು. ಇಷ್ಟೇ ಲೆಕ್ಕ. ಹಳೆಯದು ಗಾಡಿಯ ಕೆಳಗೆ ಹತ್ತಿರಹತ್ತಿರ ನೇರವಾಗಿ ಮಲಗಿತ್ತಾದ್ದರಿಂದ ನನಗೆ ಸಿಕ್ಕಿದ ಎರಡೂವರೆ ಇಂಚಿನಲ್ಲಿ ಒಂದಿಂಚು ಹಳೆಯ ಕುಸಿತವನ್ನು ತುಂಬಿದ್ದು, ಉಳಿದ ಒಂದೂವರೆ ಮಾತ್ರ ನಿಜವಾದ ಏರಿಕೆ. ಮೂರಿಂಚು, ನಾಲ್ಕಿಂಚು ಎಂದು ಹೇಳಿಕೊಳ್ಳುವ ಹಲವರ ಗಾಡಿಗಳಲ್ಲೂ ಲೆಕ್ಕ ಹೀಗೆಯೇ ಇರುತ್ತದೆ, ಅವರು ಬಾಯಿ ಬಿಡುವುದಿಲ್ಲ ಅಷ್ಟೆ.

ತೆಳು ಬ್ಲೇಡಿನ ಗುಟ್ಟು ಇಲ್ಲಿದೆ. ಬ್ಲೇಡಿನ ಗಡಸು ದಪ್ಪದ ಘನದಂತೆ ಏರುತ್ತದೆ. ಹಾಗಾಗಿ ಒಂದು 8 ಮಿ.ಮೀ. ಬ್ಲೇಡು ಹತ್ತಿರಹತ್ತಿರ ಎರಡೂವರೆ 6 ಮಿ.ಮೀ. ಬ್ಲೇಡುಗಳಿಗೆ ಸಮ. ಆದರೆ ಅಷ್ಟೇ ದೂರ ಬಾಗಿದಾಗ ಉಕ್ಕಿನ ಮೈಮೇಲೆ ಬೀಳುವ ಎಳೆತ ದಪ್ಪಕ್ಕೆ ತಕ್ಕಂತೆ ಹೆಚ್ಚುತ್ತದೆ, ಅಂದರೆ ದಪ್ಪ ಬ್ಲೇಡೇ ಬೇಗ ದಣಿಯುವುದು. ತೆಳುವಾದದ್ದು ಕೂರುತ್ತದೆ ಎಂಬ ಗ್ಯಾರೇಜಿನ ನಂಬಿಕೆ ಹುಟ್ಟಿದ್ದು ದಪ್ಪ ಬ್ಲೇಡು ತೆಗೆದು ಅದೇ ಸಂಖ್ಯೆಯ ತೆಳು ಬ್ಲೇಡು ಹಾಕಿದವರಿಂದ. ಸಂಖ್ಯೆ ಹೆಚ್ಚಿಸಿ ಒಟ್ಟು ಗಡಸನ್ನು ಸಮ ಮಾಡಿದರೆ ಮಾತು ಬೇರೆಯೇ. ಇದಕ್ಕೆ ತೆರಬೇಕಾದದ್ದು ತೂಕ: ಅದೇ ಗಡಸಿಗೆ ಮುಕ್ಕಾಲು ಪಾಲು ಹೆಚ್ಚು ಉಕ್ಕು ಬೇಕಾಗುತ್ತದೆ, ಬ್ಲೇಡು ಮಾರುವುದು ಕಿಲೋ ಲೆಕ್ಕದಲ್ಲಿ.

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಸಿದ್ಧ ಕಿಟ್ಟಿಗೆ ನಲವತ್ತು ಸಾವಿರದ ಮೇಲೆ ಹೇಳಿದರು, ಅದು ಯಾವ ತೂಕದ ಗಾಡಿಗೆ ಮಾಡಿದ್ದೆಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕೊನೆಗೆ ಲಾರಿ ಬ್ಲೇಡು ಮಾಡುವ, ಸ್ವಂತ ಫರ್ನೇಸು ಮತ್ತು ಎಣ್ಣೆ ತೊಟ್ಟಿ ಇರುವ ಒಂದು ಕಡೆ ಹೇಳಿ ಮಾಡಿಸಿದೆ. ಇಎನ್ 45ಎ ದರ್ಜೆಯ ಸ್ಪ್ರಿಂಗ್ ಉಕ್ಕಿನ ಪಟ್ಟಿ, ಎರಡನೆಯ ಬ್ಲೇಡಿನ ತುದಿ ಮೈನ್ ಬ್ಲೇಡಿನ ಕಣ್ಣನ್ನು, ಅಂದರೆ ಪಿನ್ನು ಕೂರುವ ಸುರುಳಿ ತುದಿಯನ್ನು, ಸುತ್ತುವರಿಯಬೇಕು, ಪ್ರತಿ ಬ್ಲೇಡಿನ ಮೇಲ್ಮೈಗೆ, ಅಂದರೆ ಎಳೆತ ಬೀಳುವ ಒಳಬಾಗಿನ ಬದಿಗೆ, ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಮೈ ಗಟ್ಟಿ ಮಾಡುವುದು) ಆಗಬೇಕು ಎಂದು ಬರೆದುಕೊಟ್ಟೆ. ಜೋಡಿಸಿದ ಮೇಲೆ ಪ್ರೆಸ್ಸಿನಲ್ಲಿಟ್ಟು ಪೂರ್ತಿ ಲೋಡಿನಲ್ಲಿ ಇಳಿಯುವ ಮಟ್ಟಕ್ಕಿಂತಲೂ ಕೆಳಕ್ಕೆ ಕೆಲವು ಸಲ ಒತ್ತಿ ಬಿಡಲೇಬೇಕೆಂದು ಎದುರಿಗೇ ನಿಂತು ಮಾಡಿಸಿದೆ. ಅಲ್ಲಿಯೇ ಕಾಲಿಂಚು ಚಿಲ್ಲರೆ ಇಳಿಯಿತು. ಇಳಿಯುವುದಿದ್ದರೆ ಪ್ರೆಸ್ಸಿನಲ್ಲಿಯೇ ಇಳಿಯಲಿ. ಕೆಳಗಿನ ಒಂದೊಂದು ಬ್ಲೇಡಿಗೂ ಮೇಲಿನದಕ್ಕಿಂತ ಸ್ವಲ್ಪ ಹೆಚ್ಚು ಕಮಾನು ಇದ್ದರೆ ಬೋಲ್ಟು ಬಿಗಿದಾಗ ಮೈನ್ ಬ್ಲೇಡಿನ ಮೇಲಿನ ಒತ್ತಡ ಹಗುರಾಗುತ್ತದೆ. ಆ ಹೆಚ್ಚಳ ಎಷ್ಟೆಷ್ಟು, ಯಾವ ಬ್ಲೇಡಿಗೆ ಹೆಚ್ಚು ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಬಹಳ ಉಕ್ಕು ಹಾಳಾಗಿದೆ. ಸೆಂಟರ್ ಬೋಲ್ಟಿನ ತೂತನ್ನು ಎಷ್ಟು ಮುಂದಕ್ಕೆ ಸರಿಸಿದೆ ಎಂಬುದೂ ನನ್ನ ಬಳಿಯೇ ಇರಲಿ. ಬಲಗಡೆಯ ಸೆಟ್ಟುಗಳಿಗೆ ಕಾಲಿಂಚು ಹೆಚ್ಚು ಕಮಾನು ಇಡಿಸಿದ್ದನ್ನು ಹೇಳಲು ಅಡ್ಡಿಯಿಲ್ಲ: ಚಾಲಕ ಮತ್ತು ಸ್ಟೀರಿಂಗಿನ ಭಾರ ಆ ಕಡೆಗೇ ಇದ್ದು ಹಳೆಯ ಜೀಪುಗಳು ಅಲ್ಲಿಗೇ ವಾಲುತ್ತವೆ, ವೇ ಬ್ರಿಜ್ಜಿನ ಚೀಟಿಯೂ ಅದನ್ನೇ ಹೇಳಿತ್ತು.

ಹಿಂಭಾಗದ ತಲೆನೋವು ಬೇರೆ, ಏಕೆಂದರೆ ಖಾಲಿ ಗಾಡಿಗೂ ಎಂಟು ಮೂಟೆ ಹೇರಿದ ಗಾಡಿಗೂ ಒಂದೇ ಸೆಟ್ಟು ಒಗ್ಗಬೇಕು. ಅಲ್ಲಿ ತೆಳು ಬ್ಲೇಡುಗಳ ಕೆಳಗೆ, ಹತ್ತಿರಹತ್ತಿರ ನೇರವಾದ ಒಂದು ದಪ್ಪ ಬ್ಲೇಡನ್ನು ಇಟ್ಟೆ. ಖಾಲಿಯಿದ್ದಾಗ ಅದು ಮುಟ್ಟುವುದೇ ಇಲ್ಲ. ನಾಲ್ಕನೆಯ ಮೂಟೆಯ ಹೊತ್ತಿಗೆ ಆಧಾರ ಕೊಡತೊಡಗುತ್ತದೆ. ಹಿಂದಿನ ಜಾಯಿಂಟ್ ಶಾಫ್ಟು ಗಿಡ್ಡವಾದ್ದರಿಂದ ಎರಡು ಡಿಗ್ರಿಯ ಉಕ್ಕಿನ ಬೆಣೆ ಇಟ್ಟು ಪಿನಿಯನ್ನನ್ನು ಮೇಲಕ್ಕೆ ತಿರುಗಿಸಬೇಕಾಯಿತು. ಅಲ್ಯೂಮಿನಿಯಂ ಬೆಣೆಯನ್ನು ಯಾರು ಕೊಟ್ಟರೂ ಬೇಡ, ಅದು ಜಜ್ಜಿ ಪುಡಿಯಾಗುತ್ತದೆ.

ಬ್ಲೇಡುಗಳ ಸಂಖ್ಯೆ ಹೆಚ್ಚಾದಂತೆ ಅವುಗಳ ನಡುವಿನ ತಿಕ್ಕಾಟವೂ ಹೆಚ್ಚುತ್ತದೆ, ಕಿರಕಿರ ಸದ್ದಿನ ಜೊತೆಗೆ ಸಣ್ಣ ಗುಂಡಿಗಳಲ್ಲಿ ಗಾಡಿ ಒರಟಾಗುತ್ತದೆ. ಇದಕ್ಕಾಗಿ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಪಟ್ಟಿಯಾಗಿ ಕತ್ತರಿಸಿ ಬ್ಲೇಡುಗಳ ನಡುವೆ ಇಟ್ಟು ನೋಡಿದೆ. ಮೊದಲ ತಿಂಗಳು ಗಾಡಿ ಕಾರಿನ ಹಾಗೆ ಓಡಿತು; ಆಮೇಲೆ ಕೆಸರಿನ ಮರಳು ಒಳಹೊಕ್ಕು ಪಟ್ಟಿಗಳು ತೆಳುವಾಗಿ ಒಂದೊಂದೇ ಪಕ್ಕಕ್ಕೆ ಜಾರಿ ಹೊರಬಂದವು. ಗ್ರೀಸು ಹಚ್ಚಿ ಮೇಲೆ ಟ್ಯೂಬಿನ ರಬ್ಬರು ಸುತ್ತಿದ್ದೂ ಆಯಿತು, ಅದು ನೀರು ಹಿಡಿದಿಟ್ಟು ತುಕ್ಕು ಬೆಳೆಸಿತು. ಈಗ ಬ್ಲೇಡಿನ ತುದಿಗಳನ್ನು ಗುಂಡಗೆ ಉಜ್ಜಿಸಿ, ಮಳೆಗಾಲದ ಮುಂಚೆ ಗಾಡಿಯನ್ನು ಚಾಸಿಸ್‌ನಿಂದ ಜಾಕಿಯಲ್ಲಿ ಎತ್ತಿ, ಬ್ಲೇಡುಗಳು ತೆರೆದುಕೊಂಡಾಗ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ತೂರಿಸುತ್ತೇನೆ. ಇದಕ್ಕಿಂತ ಉತ್ತಮವಾದದ್ದು ನನಗೆ ಸಿಕ್ಕಿಲ್ಲ.

ಖರ್ಚು ನೆನಪಿನಿಂದ ಹೇಳುವುದಾದರೆ, ನಾಲ್ಕೂ ಸೆಟ್ಟು ಸೇರಿ 60 ಕಿಲೋ ಚಿಲ್ಲರೆ, ಕಿಲೋಗೆ 190ರಂತೆ ಹನ್ನೊಂದೂವರೆ ಸಾವಿರ. ಬುಶ್ಶು ಮತ್ತು ಪಿನ್ನಿಗೆ ಮೂರು, ಬ್ಲೇಡನ್ನು ಆಕ್ಸಲಿಗೆ ಬಿಗಿಯುವ ಹೊಸ ಯು ಬೋಲ್ಟಿಗೆ ಎರಡು, ಉದ್ದದ ಶಾಕ್ ಅಬ್ಸಾರ್ಬರುಗಳಿಗೆ ಎಂಟು, ಬ್ರೇಕ್ ಹೋಸಿಗೆ ಒಂದೂವರೆ. ಸಾಗಾಣಿಕೆ ಸೇರಿ ಇಪ್ಪತ್ತೇಳು ಸಾವಿರದೊಳಗೆ ಮುಗಿಯಿತು. ಹಳೆಯ ಯು ಬೋಲ್ಟನ್ನು ಮತ್ತೆ ಹಾಕಿ ಉಳಿಸುವ ಹಣ ಉಳಿತಾಯವಲ್ಲ, ಅದರ ಥ್ರೆಡ್ಡು ಒಮ್ಮೆ ಎಳೆದದ್ದು. ಬ್ರೇಕ್ ಹೋಸನ್ನು ಚಕ್ರ ಪೂರ್ತಿ ಕೆಳಗೆ ನೇತಾಡುವಾಗ ಅಳೆಯಬೇಕು, ಗಾಡಿ ನಿಂತಿರುವಾಗಲ್ಲ. ಶ್ಯಾಕಲ್ ಬೋಲ್ಟುಗಳನ್ನು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತ ಮೇಲೆಯೇ ಕೊನೆಯದಾಗಿ ಬಿಗಿಯಬೇಕು. ಜಾಕಿಯ ಮೇಲಿದ್ದಾಗ ಬಿಗಿದರೆ ರಬ್ಬರು ಬುಶ್ಶು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದಾಗ ನನ್ನವು ಅರ್ಧ ಸುತ್ತಿನಷ್ಟು ತಿರುಗಿದವು.

ಈಗ ಅದೇ ಅಡ್ಡ ಕೊರಕಲಿನಲ್ಲಿ ನಾಲ್ಕೂ ಚಕ್ರ ನೆಲ ಹಿಡಿದಿರುತ್ತವೆ, ಹಿಂದೆ ಫೋರ್ ವೀಲ್ ಹಾಕಿ ಹತ್ತುತ್ತಿದ್ದ ಒಂದು ಏರನ್ನು ಒಣಗಾಲದಲ್ಲಿ ಹಿಂದಿನ ಚಕ್ರಗಳಲ್ಲೇ ಹತ್ತುತ್ತೇನೆ. ಉಳಿದಿರುವ ಕೊರತೆಯೆಂದರೆ ಸ್ಟೀರಿಂಗಿನ ತಿರುವನ್ನು ಚಕ್ರದ ಕಡೆಗೆ ಒಯ್ಯುವ ಸರಳು, ಅಂದರೆ ಡ್ರ್ಯಾಗ್ ಲಿಂಕು: ಎತ್ತರದಿಂದಾಗಿ ಅದು ಓರೆಯಾಗಿ, ಗುಂಡಿಗೆ ಚಕ್ರ ಬಿದ್ದಾಗ ಸ್ಟೀರಿಂಗು ಸ್ವಲ್ಪ ಎಳೆಯುತ್ತದೆ. ಆ ಸರಳನ್ನು ಎಳೆಯುವ ತೋಳು, ಅಂದರೆ ಪಿಟ್‌ಮನ್ ಆರ್ಮನ್ನು, ತಗ್ಗಿಸಿ ಮಾಡಿಸಲು ಕೊಟ್ಟಿದ್ದೇನೆ. ಇದೇ ಸೆಟ್ಟನ್ನು ತಮ್ಮ ಗಾಡಿಗೂ ಬೇಕೆನ್ನುವವರು ಮೊದಲು ತಮ್ಮ ವೇ ಬ್ರಿಜ್ಜಿನ ಚೀಟಿಯನ್ನು ತರಬೇಕು. ಹಾರ್ಡ್‌ಟಾಪು ಇಲ್ಲದ, ಮುಂದೆ ಭಾರದ ಬಂಪರು ಇಲ್ಲದ ಗಾಡಿಗೆ ನನ್ನ ಐದೂ ಕಾಲು ಇಂಚಿನ ಕಮಾನು ಹೆಚ್ಚಾಗುತ್ತದೆ.