ಎಂಎಸ್ ಇದ್ದವರ ಹೆಜ್ಜೆ ಲೆಕ್ಕ: ಪಟ್ಟಿ ಎಲ್ಲಿ ಕಟ್ಟಬೇಕು, ಏನು ಬರೆದಿಡಬೇಕು

ನಮ್ಮ ಅತ್ತಿಗೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್. ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೆಡಿಸುವ ಕಾಯಿಲೆ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಹೋಗಿ ಡಾಕ್ಟರ ಮುಂದೆ ಅವರು ನಡೆದು ತೋರಿಸುವುದು 25 ಅಡಿ. ಮನೆಯಲ್ಲಿ ಸಂಜೆ ಗೋಡೆ ಹಿಡಿದು ಜಗಲಿಗೆ ಬರುವುದು ಅಲ್ಲಿ ಯಾರಿಗೂ ಕಾಣುವುದಿಲ್ಲ. ಮೈಗೆ ಕಟ್ಟಿಕೊಂಡು ಚಲನೆ ಅಳೆಯುವ, ಹೆಜ್ಜೆ ಎಣಿಸುವ ಪಟ್ಟಿ (ಫಿಟ್‌ನೆಸ್ ಬ್ಯಾಂಡ್) ಬೇಕಾಗುವುದು ಇದಕ್ಕೇ.

ಮೊದಲು ಕಟ್ಟುವ ಜಾಗ ನೋಡಿಕೊಳ್ಳಿ. ಒಳಗಿರುವ ಆಕ್ಸೆಲೆರೊಮೀಟರ್ ಎಂಬ ಚಲನೆ ಗುರುತಿಸುವ ಸಾಧನಕ್ಕೆ ಗೊತ್ತಾಗುವುದು ಅಲುಗಾಟ ಮಾತ್ರ. ಅಡಿಕೆ ಕೊಯ್ಲಿನಲ್ಲಿ ಅತ್ತಿಗೆ ಮೆಟ್ಟುಗತ್ತಿ ಮುಂದೆ ಕೂತು ಎರಡು ತಾಸು ಸುಲಿದರು, ಒಮ್ಮೆಯೂ ಏಳಲಿಲ್ಲ. ಮಣಿಕಟ್ಟಿನ ಪಟ್ಟಿ ಸಾವಿರ ಹೆಜ್ಜೆ ದಾಟಿತ್ತು! ಮಾರನೇ ದಿನ ವಾಕರ್ ಹಿಡಿದು ಅಂಗಳ ಸುತ್ತಿದರೆ ಲೆಕ್ಕ ಏರಲೇ ಇಲ್ಲ. ನಿಧಾನವಾಗಿ ನಡೆಯುವವರು, ಕೋಲು ಹಿಡಿಯುವವರು ಪಾದದ ಗಂಟಿನ ಮೇಲೆ ಕಟ್ಟುವುದು ಒಳ್ಳೆಯದು. ದಿನವೂ ಅದೇ ಕಾಲಿಗೆ. ಕಾಲು ಜೋಮು ಹಿಡಿದಿದ್ದರೆ ಪಟ್ಟಿ ಒತ್ತಿದ್ದು ತಿಳಿಯುವುದಿಲ್ಲ, ರಾತ್ರಿ ಬಿಚ್ಚಿ ಚರ್ಮ ನೋಡಿ.

ಆಮೇಲೆ ಪರೀಕ್ಷೆ. ಜೊತೆಗೊಬ್ಬರು ನಡೆಯುತ್ತ ಬಾಯಲ್ಲಿ 100 ಹೆಜ್ಜೆ ಎಣಿಸಲಿ. ಮೂರು ಸಲವೂ ಪಟ್ಟಿ 80ರ ಆಸುಪಾಸು ತೋರಿಸಿದರೆ ಅಡ್ಡಿಯಿಲ್ಲ, ಕೊರತೆ ಒಂದೇ ಸಮನಾಗಿದೆ. ಒಮ್ಮೆ 50, ಒಮ್ಮೆ 90 ಬಂದರೆ ಜಾಗ ಬದಲಿಸಿ.

ಮೊದಲ ಏಳು ದಿನ ಎಂದಿನಂತೆಯೇ ಇರಿ. ಅದರ ಸರಾಸರಿಯೇ ನಿಮ್ಮ ಅಳತೆಗೋಲು. ದಿನಕ್ಕೆ 10,000 ಹೆಜ್ಜೆಯ ಮಾತನ್ನು ಮರೆತುಬಿಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಕೆ ಯಂತ್ರದ ಹೆಸರಿನಿಂದ ಹಬ್ಬಿದ್ದು, ಎಂಎಸ್ ನೋಡಿ ಇಟ್ಟ ಗುರಿಯಲ್ಲ.

ಪಕ್ಕದಲ್ಲೊಂದು ನೋಟ್‌ಬುಕ್ ಇರಲೇಬೇಕು. ನನ್ನ ಮಟ್ಟಿಗೆ ಪಟ್ಟಿಗಿಂತ ಇದೇ ಮುಖ್ಯ. ಸುಸ್ತು, ಜ್ವರ, ಬಿದ್ದದ್ದು, ಮಳೆ, ಸ್ನಾನದ ಹೊತ್ತು ಬರೆಯಿರಿ. ಸ್ನಾನ ಯಾಕೆಂದರೆ, ಹೊದಿಕೆ ಸವೆದ ನರದಲ್ಲಿ ಮೈ ಬಿಸಿಯಾದಾಗ ಸಂದೇಶ ತಡವರಿಸುತ್ತದೆ. ಎಂಎಸ್ ಇದ್ದವರಿಗೆ ಮೈ ದಣಿದಾಗ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲೇ ವಿವರಿಸಿದ್ದರು. ಮಲೆನಾಡಿನ ಬಚ್ಚಲಲ್ಲಿ ಹಂಡೆ ನೀರು ಕುದಿಯುತ್ತಲೇ ಇರುತ್ತದೆ. ಚೆನ್ನಾಗಿ ಮಿಂದು ಬಂದ ಅತ್ತಿಗೆಯ ಕಾಲು ಒಂದು ತಾಸು ಎತ್ತಿಡಲು ಬರುತ್ತಿರಲಿಲ್ಲ. ಮೈ ತಣಿದರೆ ಸರಿಹೋಗುತ್ತಿತ್ತು. ಆಷಾಢದಲ್ಲಿ ಹೆಜ್ಜೆ ಇಳಿದದ್ದು ಅಂಗಳದ ಪಾಚಿಯಿಂದಲೂ ಇರಬಹುದು, ಮಳೆಗಾಲವನ್ನು ಮಳೆಗಾಲದ ಜೊತೆಗೇ ಹೋಲಿಸಿ.

ಒಂದು ದಿನದ ಅಂಕಿ ನೋಡಿ ಹೆದರಬೇಡಿ, ವಾರದ ಸರಾಸರಿ ನೋಡಿ. ದಿನಕ್ಕೆ ಸುಮಾರು 800 ಹೆಜ್ಜೆಯ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಎಂಎಸ್ ಇದ್ದವರ ಮೇಲಿನ 2013ರ ಒಂದು ಅಧ್ಯಯನ ಹೇಳಿದೆ. ಅಷ್ಟು ಇಳಿದು ವಾರಗಟ್ಟಲೆ ಏರದಿದ್ದರೆ ಡಾಕ್ಟರಿಗೆ ತಿಳಿಸಿ. ಹೊಸದಾಗಿ ಕಣ್ಣು ಮಂಜಾಗಿಯೋ ಕೈಕಾಲಿನ ಬಲ ಕುಂದಿಯೋ 24 ಗಂಟೆ ದಾಟಿದರೆ ಪಟ್ಟಿಯ ಲೆಕ್ಕಕ್ಕೆ ಕಾಯಲೇಬೇಡಿ, ಡಾಕ್ಟರಿಗೆ ತಿಳಿಸಿ. ಜ್ವರ, ಉರಿಮೂತ್ರ ಇದ್ದರೆ ಅದನ್ನೂ ಹೇಳಿ, ಸೋಂಕು ಕೂಡ ನಡಿಗೆಯನ್ನು ಕುಗ್ಗಿಸುತ್ತದೆ.

ಆಸ್ಪತ್ರೆಗೆ ಪಟ್ಟಿಯ ಲೆಕ್ಕವಿರುವ ಫೋನನ್ನೇ ಒಯ್ದು ತೋರಿಸುವ ಬದಲು ಒಂದೇ ಹಾಳೆ ಸಾಕು: ವಾರವಾರದ ಸರಾಸರಿ, ತೀರಾ ಕಡಿಮೆಯಾದ ದಿನಗಳು, ಎದುರಿಗೆ ಕಾರಣ. ಅತ್ತಿಗೆಯ ಹಾಳೆ ನೋಡಿ ಡಾಕ್ಟರು ಮೊದಲು ಕೇಳಿದ್ದು, "ಸ್ನಾನಕ್ಕೆ ನೀರು ಎಷ್ಟು ಬಿಸಿ ಇರುತ್ತೆ ಅಮ್ಮ?"