ಟ್ಯಾಂಪಾದ ಮಳೆಗಾಲದಲ್ಲಿ ನಾನು ಆಕಾಶ ನೋಡುವ ರೀತಿ

ಫ್ಲೋರಿಡಾದ ಟ್ಯಾಂಪಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಆ ತಿಂಗಳುಗಳಲ್ಲೇ ಊರಿನಿಂದ ಬಂದ ಅಪ್ಪ ಅಮ್ಮಂದಿರು ಇರುತ್ತಾರೆ. ಟಿವಿಯ ಇಂಗ್ಲಿಷ್ ಎಚ್ಚರಿಕೆ ಅವರಿಗೆ ಪೂರ್ತಿ ತಿಳಿಯುವುದಿಲ್ಲ, ಮಕ್ಕಳು ಕಚೇರಿಯಲ್ಲಿರುತ್ತಾರೆ. ಅವರಿಗಾಗಿ ವಾಟ್ಸ್ಯಾಪ್‌ನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯತೊಡಗಿದ ಮೇಲೆ ಹವಾಮಾನವನ್ನು ನಾನು ಶ್ರದ್ಧೆಯಿಂದ ನೋಡಲು ಕಲಿತೆ.

ಜೂನ್, ಜುಲೈನಲ್ಲಿ ನನ್ನ ಸಂದೇಶ ಬಹುತೇಕ ಸಂಜೆಯ ಗುಡುಗು ಮಳೆಯ ಬಗ್ಗೆ. ಪೂರ್ವದಲ್ಲಿ ಅಟ್ಲಾಂಟಿಕ್, ಪಶ್ಚಿಮದಲ್ಲಿ ಮೆಕ್ಸಿಕೊ ಕೊಲ್ಲಿ; ಎರಡೂ ಕಡೆಯ ಕಡಲಗಾಳಿ ಒಳನಾಡಿಗೆ ನುಗ್ಗಿ ಎದುರಾದಲ್ಲಿ ಮೋಡ ಏಳುತ್ತದೆ. ಬೆಳಗ್ಗೆ ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ಆ ಮೋಡಗಳು ನಮ್ಮ ಕಡೆಗೇ ಸರಿಯುತ್ತವೆ, ಸಂಜೆ ಸಿಡಿಲಿನ ಭಯವಿರುತ್ತದೆ. ಪಶ್ಚಿಮದಿಂದ ಬೀಸಿದರೆ ಬೆಳಗ್ಗೆಯೇ ಸಣ್ಣ ಮಳೆ ಬಂದು, ಮಧ್ಯಾಹ್ನದ ಆರ್ಭಟ ಅಟ್ಲಾಂಟಿಕ್ ದಡಕ್ಕೆ ಹೋಗುತ್ತದೆ. ಸಂಜೆ ನಡಿಗೆಗೆ ಹೊರಡುವ ಹಿರಿಯರಿಗೆ ಇಷ್ಟು ತಿಳಿದರೆ ಸಾಕು.

ಆಗಸ್ಟ್ ನಡುವಿನಿಂದ ಕಣ್ಣು ಆಫ್ರಿಕಾದ ಕಡೆಗೆ. ಅಲ್ಲಿಂದ ಪಶ್ಚಿಮಕ್ಕೆ ಹೊರಡುವ ಗಾಳಿಯಲೆಗಳಲ್ಲಿ ಹೆಚ್ಚಿನವು ಚಂಡಮಾರುತವಾಗಿ ಬೆಳೆಯದೆ ಕರಗುತ್ತವೆ. ಸಹರಾದ ಧೂಳು ಹೊತ್ತ ಒಣಗಾಳಿ ಕೆಲವನ್ನು ಬತ್ತಿಸುತ್ತದೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕು ತೀರಾ ಬೇರೆಯಾದರೆ ಮೋಡದ ಗೋಪುರ ಹರಿದುಹೋಗುತ್ತದೆ. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು ಈ ಎರಡು ಅಡ್ಡಿಗಳೂ ಇಲ್ಲದಿದ್ದರೆ ನಾನು ಎಚ್ಚರಗೊಳ್ಳುತ್ತೇನೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಬೆಳಗ್ಗೆ 8ಕ್ಕೂ ರಾತ್ರಿ 8ಕ್ಕೂ ಹೊರಡಿಸುವ ಮುನ್ನೋಟ ಓದುತ್ತೇನೆ. ಚಂಡಮಾರುತ ರೂಪುಗೊಂಡ ಮೇಲೆ 5 ಮತ್ತು 11 ಗಂಟೆಯ ಬುಲೆಟಿನ್‌ಗಳನ್ನು. ಹತ್ತು ದಿನ ಮುಂದಿನದನ್ನು ತೋರಿಸುವ ಒಂದೇ ಕಂಪ್ಯೂಟರ್ ಮಾದರಿಯ ನಕ್ಷೆಯನ್ನು ನಾನು ಯಾರಿಗೂ ಕಳಿಸುವುದಿಲ್ಲ. ಆರು ತಾಸಿನ ನಂತರ ಅದೇ ಮಾದರಿ ಬೇರೆ ಊರನ್ನು ತೋರಿಸುತ್ತದೆ, ಅಷ್ಟರಲ್ಲಿ ಹತ್ತು ಮನೆಗಳ ನಿದ್ದೆ ಕೆಟ್ಟಿರುತ್ತದೆ. ಅದಕ್ಕಿಂತ ಬುಲೆಟಿನ್ ಜೊತೆ ಬರುವ ಮುನ್ಸೂಚಕರ ಟಿಪ್ಪಣಿ ಮೇಲು. ಅವರಿಗೆ ಎಲ್ಲಿ ಭರವಸೆ ಇದೆ, ಎಲ್ಲಿ ಅನುಮಾನವಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ.

ಎಲ್ಲರೂ ಹಂಚಿಕೊಳ್ಳುವ ಆ ಶಂಕುವಿನಾಕಾರದ ನಕ್ಷೆಯ ಬಗ್ಗೆ ಒಂದು ಮಾತನ್ನು ಪ್ರತಿ ವರ್ಷವೂ ಬರೆಯುತ್ತೇನೆ. ಅದು ಚಂಡಮಾರುತದ ಕೇಂದ್ರ ಎಲ್ಲಿ ಸಾಗಬಹುದು ಎಂಬುದನ್ನಷ್ಟೇ ಹೇಳುತ್ತದೆ. ಮೂರರಲ್ಲಿ ಒಂದು ಬಾರಿ ಕೇಂದ್ರವೂ ಅದರ ಹೊರಗೆ ಹೋಗಬಹುದು. ಅಪಾಯದ ವಿಸ್ತಾರ ಅದರಲ್ಲಿ ಇರುವುದೇ ಇಲ್ಲ.

2024ರಲ್ಲಿ ಇದನ್ನು ಕಣ್ಣಾರೆ ಕಂಡೆವು. ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ನಮ್ಮಿಂದ 150 ಕಿಲೋಮೀಟರಿಗೂ ದೂರದಲ್ಲಿ, ಕಡಲಲ್ಲೇ ಉತ್ತರಕ್ಕೆ ಸಾಗಿ ಪೆರಿ ಎಂಬ ಊರಿನ ಬಳಿ ದಡ ಸೇರಿತು. ಉತ್ತರಾರ್ಧ ಗೋಳದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ನಾವು ಅದರ ಬಲಬದಿಯಲ್ಲಿದ್ದೆವು. ದಕ್ಷಿಣದ ಗಾಳಿ ಸಮುದ್ರವನ್ನು ಟ್ಯಾಂಪಾ ಕೊಲ್ಲಿಯೊಳಕ್ಕೆ ತಳ್ಳಿತು. ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೀರಿನ ಮಟ್ಟ ಹಳೆಯ ದಾಖಲೆಯನ್ನೇ ಮುರಿಯಿತು. ಎರಡು ವಾರವೂ ಕಳೆಯದೆ, ಅಕ್ಟೋಬರ್ 9ರಂದು ಮಿಲ್ಟನ್ ಬಂತು. ಅದು ಮೆಕ್ಸಿಕೊ ಕೊಲ್ಲಿಯ ಬಿಸಿನೀರಿನ ಮೇಲೆ ಎರಡೇ ದಿನಗಳಲ್ಲಿ ಎಲ್ಲಕ್ಕಿಂತ ತೀವ್ರವಾದ ಐದನೇ ದರ್ಜೆಗೆ ಏರಿದ್ದ ಸುದ್ದಿ ಕರ್ನಾಟಕದ ಟಿವಿಗಳಲ್ಲೂ ಬಂದು, ಊರಿನ ಬಂಧುಗಳ ಕರೆಗಳು ನಿಲ್ಲಲಿಲ್ಲ. ದಡ ಸೇರುವಾಗ ಮೂರನೇ ದರ್ಜೆಗೆ ಇಳಿದಿತ್ತು, ಜಾಗ ನಮಗಿಂತ ದಕ್ಷಿಣದ ಸಿಯೆಸ್ಟಾ ಕೀ. ಈ ಬಾರಿ ನಾವು ಎಡಬದಿಯಲ್ಲಿದ್ದುದರಿಂದ ನೆಲದ ಕಡೆಯ ಗಾಳಿ ಟ್ಯಾಂಪಾ ಕೊಲ್ಲಿಯ ನೀರನ್ನು ಹೊರಕ್ಕೆ ನೂಕಿತು. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ದರ್ಜೆಯ ಅಂಕಿ ಗಾಳಿಯ ವೇಗವನ್ನು ಮಾತ್ರ ಅಳೆಯುತ್ತದೆ. ಕಡಲು ಉಕ್ಕಿಸಿದ ನೀರು, ಸುರಿದ ಮಳೆನೀರು ಎರಡೂ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಹಾಗಾಗಿ ಪ್ರತಿ ಮನೆಯವರಿಗೂ ನಾನು ಮೊದಲು ಕೇಳುವುದು ಅವರ ತೆರವು ವಲಯದ, ಅಂದರೆ ಯಾರು ಯಾವಾಗ ಮನೆ ಬಿಟ್ಟು ಹೊರಡಬೇಕೆಂದು ತಿಳಿಸುವ ವಲಯದ, ಅಕ್ಷರ ಯಾವುದು ಎಂದು. ಎ ವಲಯದವರು ಎಲ್ಲರಿಗಿಂತ ಮೊದಲು ಹೊರಡಬೇಕು. ವಿಮೆಯ ಕಾಗದದಲ್ಲಿರುವ ಪ್ರವಾಹ ವಲಯ ಬೇರೆ, ಇದು ಬೇರೆ. ಎರಡರಲ್ಲೂ ಎ ಅಕ್ಷರ ಬರುವುದರಿಂದ ಗೊಂದಲ ಸಹಜ. ಹೊರಡುವುದೆಂದರೆ ನೂರಾರು ಮೈಲಿ ಕಾರು ಓಡಿಸಬೇಕೆಂದಲ್ಲ. ಎತ್ತರದಲ್ಲಿರುವ, ಗಟ್ಟಿ ಕಟ್ಟಡದ ಸ್ನೇಹಿತರ ಮನೆ ಹದಿನೈದು ಮೈಲಿಯೊಳಗೇ ಸಿಗುತ್ತದೆ. ಯಾರ ಮನೆಗೆ ಯಾರು ಎಂಬುದನ್ನು ಜೂನ್‌ನಲ್ಲೇ ಮಾತಾಡಿಕೊಳ್ಳುತ್ತೇವೆ, ಹಿರಿಯರ ಒಂದು ತಿಂಗಳ ಔಷಧಿಯ ಚೀಲದ ಸಮೇತ.

ಗಾಳಿ ನಿಂತ ಮೇಲೂ ಸಂದೇಶ ಕಳಿಸುವುದನ್ನು ನಿಲ್ಲಿಸುವುದಿಲ್ಲ. ಮಿಲ್ಟನ್ ದಾಟಿ ಬಿಸಿಲು ಬಂದ ನಂತರವೇ ಹಿಲ್ಸ್‌ಬರೋ, ಅಲಾಫಿಯಾ ನದಿಗಳು ತುಂಬಿ ಹರಿದವು. ಒಳನಾಡಿನ ಮನೆಗಳವರಿಗೆ ಆಗ ಬೇಕಾಗಿದ್ದುದು ನದಿಮಟ್ಟದ ಅಂಕಿ. ಅದು ಇಳಿಮುಖವಾಗುವವರೆಗೆ ಬೆಳಗ್ಗೆ, ಸಂಜೆ ಅದನ್ನೇ ಬರೆದು ಕಳಿಸಿದೆ.